ಕಿಟಕಿ, ಬಾತುಕೋಳಿ ಮತ್ತು ನಡುವೆ ಒಂದು ಬದು

ನಮ್ಮ ಅತ್ತಿಗೆಯ ಕೈಗೆ ಇಡಿಯಾದ ಯಾವ ವಸ್ತುವನ್ನೂ ಕೊಡಬಾರದು. ಕೊಟ್ಟರೆ ಅದು ಎರಡಾಗಿಯೇ ವಾಪಸ್ಸು ಬರುತ್ತದೆ. ಒಡೆದು ಹಾಕುತ್ತಾರೆ ಎಂದಲ್ಲ, ಪಾಲು ಮಾಡುತ್ತಾರೆ. ಅದೂ ಎಂಥ ಪಾಲು? ತಕ್ಕಡಿ ತಂದು ತೂಗಿದರೂ ಕೂದಲೆಳೆಯಷ್ಟು ವಾಲಬಾರದು, ಅಂಥ ಪಾಲು. ನಾನು ಇದನ್ನು ಭಾಗಾಕಾರದ ಕಾಯಿಲೆ ಎನ್ನುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಅವರು ಅದನ್ನು ನ್ಯಾಯ ಎನ್ನುತ್ತಾರೆ.

ಬೆಳಗಿನ ಪತ್ರಿಕೆ ಬಾಗಿಲಿಗೆ ಬಿದ್ದ ತಕ್ಷಣ ಅದರ ಹಾಳೆಗಳನ್ನು ಎಣಿಸಿ ಅರ್ಧ ಅಣ್ಣನಿಗೆ, ಅರ್ಧ ತಮಗೆ. ಹಾಳೆಯ ಸಂಖ್ಯೆ ಬೆಸವಾದರೆ? ಮಡಿಕೆಯ ಮೇಲೆ ಕೈಯಾಡಿಸಿ ನೀಟಾಗಿ ಹರಿಯುತ್ತಾರೆ. ಹೀಗಾಗಿ ನಮ್ಮ ಅಣ್ಣ ಎಷ್ಟೋ ಕೊಲೆ ಪ್ರಕರಣಗಳ ಆರಂಭ ಮಾತ್ರ ಓದಿದ್ದಾನೆ. ಕೊಲೆಗಾರ ಸಿಕ್ಕಿದನೇ ಇಲ್ಲವೇ ಎಂಬುದು ಅತ್ತಿಗೆಯ ಭಾಗದಲ್ಲಿರುತ್ತದೆ, ಅದು ಅವರ ಜೊತೆ ಎಂಟು ಗಂಟೆಯ ಬಸ್ಸಿನಲ್ಲಿ ಮದ್ದೂರಿಗೆ ಹೋಗಿಬಿಡುತ್ತದೆ.

ಪಕ್ಕದ ಮನೆಯವರ ತೆಂಗಿನ ಮರ ನಮ್ಮ ಕಾಂಪೌಂಡಿನೊಳಕ್ಕೆ ಬಾಗಿದೆ. ಬಿದ್ದ ಕಾಯಿ ಯಾರದು? ಬೇರೆ ಯಾರಾದರೂ ಆಗಿದ್ದರೆ ಕಾಯಿಯನ್ನು ಒಳಕ್ಕೆ ತಂದು ಚಟ್ನಿ ಅರೆಯುತ್ತಿದ್ದರು, ಇಲ್ಲವೇ ಗೋಡೆಯ ಆಚೆಗೆ ಕೊಡುತ್ತಿದ್ದರು. ಅತ್ತಿಗೆ ಕಾಯಿ ಒಡೆದು ಒಂದು ಹೋಳು ಅವರಿಗೆ ಕೊಡುತ್ತಾರೆ, ಒಂದು ಇಟ್ಟುಕೊಳ್ಳುತ್ತಾರೆ. ಕಣ್ಣಿರುವ ಹೋಳು ಬೇಗ ಕೆಡುತ್ತದೆ ಎಂದು ಅವರ ಲೆಕ್ಕ. ಅದಕ್ಕೇ ಕಣ್ಣಿನ ಹೋಳು ಒಂದು ಸಲ ಆ ಮನೆಗೆ, ಒಂದು ಸಲ ಈ ಮನೆಗೆ. ಪಕ್ಕದ ಮನೆಯಾಕೆ ಒಮ್ಮೆ ಬೇಸತ್ತು, "ಟೀಚರ್ರೇ, ಪೂರಾ ನೀವೇ ಮಡೀಕಳಿ" ಎಂದರು. "ಅದೆಂಗಾದದು, ಈ ಸಲ ಕಣ್ಣು ನಿಮ್ದು" ಎಂದು ಅತ್ತಿಗೆ ಹೋಳನ್ನು ಗೋಡೆಯ ಮೇಲಿಟ್ಟು ಬಂದರು.

ಇಂಥವರ ಮನೆಗೆ ನಾನು ಬಂದು ಒಂದು ವರ್ಷವಾಗುತ್ತಾ ಬಂದಿತ್ತು. ಗಂಡನ ಮನೆ ಮೈಸೂರಿನಲ್ಲಿತ್ತು. ಅಲ್ಲಿ ಇರಲಾಗದೆ ಮಂಡ್ಯಕ್ಕೆ, ಅಣ್ಣನ ಮನೆಗೆ ಬಂದೆ. ಏಕೆ ಬಂದೆ ಎಂಬುದು ಈ ಪ್ರಬಂಧಕ್ಕೆ ಸೇರಿದ್ದಲ್ಲ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಬಂದ ಮೇಲೆ ಸುಮ್ಮನೆ ಕೂರಲಾಗದೆ ಮಳವಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಪುಟ ಕಟ್ಟಿಕೊಡುವ ಕೆಲಸ ಹಿಡಿದೆ. ಮನೆಯಲ್ಲಿ ಕುಳಿತು ಮಾಡುವುದು, ವಾರಕ್ಕೆರಡು ಸಲ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಹೋಗಿ ಬರುವುದು. ಪ್ರೆಸ್ಸಿನ ಯಜಮಾನರು ಒಳ್ಳೆಯವರು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಖಾಲಿ ಇದೆ, ಇಲ್ಲೇ ಬಂದುಬಿಟ್ಟರೆ ಕೆಲಸ ಜಾಸ್ತಿ ಕೊಡಬಹುದು ಎಂದರು. ನಾನು ರೂಮು ನೋಡಿಯೂ ಬಂದೆ. ಮದುವೆಯಾದ ತಂಗಿ ಅಣ್ಣನ ಮನೆಯಲ್ಲಿ ಎಷ್ಟು ದಿನ ಇರಬಹುದು? ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಯಾರೂ ಕೇಳದಿರುವುದೇ ನನಗೆ ದೊಡ್ಡ ಕಷ್ಟವಾಗಿತ್ತು. ಒಂದೇ ಒಂದು ತೊಡಕಿತ್ತು. ಕೆಲಸ ಮಾಡುತ್ತಿದ್ದ ಲ್ಯಾಪ್‌ಟಾಪ್ ನನ್ನದಲ್ಲ, ಅತ್ತಿಗೆಯದು.

ಆ ಲ್ಯಾಪ್‌ಟಾಪ್‌ಗೆ ವಯಸ್ಸಾಗಿತ್ತು. ಗುಂಡಿ ಒತ್ತಿ, ಹಾಲು ಕಾಯಿಸಿ, ಕಾಫಿ ಬೆರೆಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಒಳಗಿದ್ದದ್ದು ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಸಿಸ್ಟಂ. ಅತ್ತಿಗೆ ಅದರ ಹೆಸರನ್ನು ಕನ್ನಡಕ್ಕೆ ತಂದು "ಕಿಟಕಿ" ಎನ್ನುತ್ತಾರೆ.

ಹೀಗಿರುವಾಗ ಅತ್ತಿಗೆ ಶಿಕ್ಷಕರ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದರು. ಹೋಗುವಾಗ ಸರಿಯಾಗಿಯೇ ಇದ್ದರು. ಬರುವಾಗ ಕರವಸ್ತ್ರದ ತುದಿಯಲ್ಲಿ ಒಂದು ಪೆನ್‌ಡ್ರೈವ್ ಗಂಟು ಹಾಕಿಕೊಂಡು ಬಂದರು.

"ಇದ್ರೊಳಗೆ ಲಿನಕ್ಸ್ ಅದೆ" ಎಂದರು. "ಕಿಟಕಿ ಬದ್ಲು ಇದ್ನ ಹಾಕುದ್ರೆ ಹಳೇ ಮಿಷನ್ನೂ ಎದ್ದು ಓಡ್ತದಂತೆ."

"ಎಷ್ಟು ಕೊಟ್ಟೆ?" ಅಣ್ಣ ಕೇಳಿದ.

"ಏನೂ ಇಲ್ಲ."

"ಬಿಟ್ಟಿನಾ?"

"ಬಿಟ್ಟಿ ಅಲ್ಲ. ಸ್ವತಂತ್ರ. ಯಾರ್ ಬೇಕಾದ್ರೂ ಬಳಸ್ಬೋದು, ಯಾರ್ ಬೇಕಾದ್ರೂ ರಿಪೇರಿ ಮಾಡ್ಬೋದು."

"ಅಂದ್ರೆ ಬಿಟ್ಟಿ" ಎಂದು ಅಣ್ಣ ತನ್ನ ಪಾಲಿನ ಪತ್ರಿಕೆಗೆ ಮರಳಿದ. ಆಮೇಲೆ ಪರದೆಯ ಮೇಲೆ ಅದರ ಗುರುತಿನ ಚಿತ್ರ ನೋಡಿ, "ಇದೇನು, ಬಾತ್ಕೋಳಿ?" ಎಂದ. ಅದು ಪೆಂಗ್ವಿನ್ ಎಂದು ಅತ್ತಿಗೆ ತಿದ್ದಿದರು. ನಮ್ಮೂರು ಕೊತ್ತತ್ತಿಯ ನಾಲೆಯಲ್ಲಿ ಅಣ್ಣ ಪೆಂಗ್ವಿನ್ ನೋಡಿದವನಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಲಿನಕ್ಸ್ ಎಂದರೆ ಬಾತುಕೋಳಿಯೇ.

ಈಗ ನನ್ನ ಸಂಕಟ ಕೇಳಿ. ಪ್ರೆಸ್ಸಿನ ಪುಟ ಕಟ್ಟುವ ಸಾಫ್ಟ್‌ವೇರ್ ಕಿಟಕಿಯಲ್ಲಿ ಮಾತ್ರ ನಡೆಯುತ್ತದೆ, ಬಾತುಕೋಳಿಯ ಕಡೆ ತಿರುಗಿಯೂ ನೋಡುವುದಿಲ್ಲ. ಕಿಟಕಿ ಹೋದರೆ ನನ್ನ ಕೆಲಸವೂ ಹೋಗುತ್ತದೆ. ಅಣ್ಣ ಸುಲಭದ ದಾರಿ ಹೇಳಿದ: "ಅವಳ್ಗೆ ಈ ಹಳೇದ್ನ ಕೊಟ್ಬುಡು. ನೀನೊಂದು ಹೊಸದು ತಕ್ಕೊಂಡು ಅದ್ರಾಗೆ ಯಾವ್ ಕೋಳಿನಾದ್ರೂ ಸಾಕ್ಕೊ." ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಹಳೆಯದಾದರೇನು, ಕೈಗೆ ಒಂದು ಲ್ಯಾಪ್‌ಟಾಪ್ ಸಿಕ್ಕರೆ ಮಳವಳ್ಳಿಯ ರೂಮಿಗೆ ನಾಳೆಯೇ ಹೊರಡಬಹುದು.

ಅತ್ತಿಗೆ ಒಪ್ಪಲಿಲ್ಲ. "ಎರಡೂ ಇದ್ರಾಗೇ ಇರ್ತವೆ. ಅರ್ಧ ಕಿಟಕಿ, ಅರ್ಧ ಲಿನಕ್ಸ್. ಅರ್ಧ ನಿಂದು, ಅರ್ಧ ನಂದು."

ಸಂಬಳ ಬರುವ ಹೆಂಗಸು, ಒಂದು ಹಳೇ ಲ್ಯಾಪ್‌ಟಾಪ್ ಬಿಟ್ಟುಕೊಡಲು ಇಷ್ಟು ಜುಗ್ಗತನವೇ ಎಂದು ನನಗೆ ನಿಜವಾಗಿಯೂ ಬೇಜಾರಾಯಿತು. ಆದರೆ ಅನ್ನ ಹಾಕುವವರ ಮುಂದೆ ಬೇಜಾರು ತೋರಿಸುವುದು ಹೇಗೆ?

ಮಾರನೆಯ ದಿನ ನಾನು ಮಳವಳ್ಳಿಯಿಂದ ಬರುವ ಹೊತ್ತಿಗೆ ಅತ್ತಿಗೆ ಮದ್ದೂರಿನಾಚೆ ಕೊಪ್ಪದಲ್ಲಿರುವ ತಮ್ಮ ಶಾಲೆ ಮುಗಿಸಿ ಮದ್ದೂರಿಗೆ ಬಂದಿದ್ದರು. ಇಬ್ಬರೂ ಅಲ್ಲಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದೆವು. ಅತ್ತಿಗೆ ಶಾಲೆಯಲ್ಲಿ ಹಕಾರವನ್ನು ಎದೆಯಿಂದ ಉಚ್ಚರಿಸುತ್ತಾರೆ. ಊರಿನ ಬಸ್ಸು ಹತ್ತುವಾಗ ಅದನ್ನು ಅರ್ಧಕ್ಕರ್ಧ ಸ್ಟಾಫ್ ರೂಮಿನಲ್ಲೇ ಬಿಟ್ಟು ಬರುತ್ತಾರೆ.

ಅಂಗಡಿಯವನು ಲ್ಯಾಪ್‌ಟಾಪ್ ತಿರುಗಿಸಿ ನೋಡಿ, "ಎರಡು ಹಾಕುದ್ರೆ ತಲೆನೋವು ಮೇಡಂ. ಹಳೇದ್ನ ಒರೆಸಾಕ್ಬುಟ್ಟು ಒಂದೇ ಹಾಕವ. ಅರ್ಧ ಗಂಟೆ ಕೆಲಸ" ಎಂದ.

"ಒರೆಸುದ್ರೆ ಇವ್ಳ ಕೆಲಸ ಎಂಗಪ್ಪ?"

"ಅವ್ರಿಗೆ ಬ್ಯಾರೆ ಒಂದು ತಕ್ಕೊಡಿ. ಸೆಕೆಂಡ್ ಹ್ಯಾಂಡು ನಮ್ಮತ್ರನೇ ಅವೆ. ಚೆನ್ನಾಗವೆ."

"ಒರೆಸೋದು ಬ್ಯಾಡ. ಬ್ಯಾರೆದೂ ಬ್ಯಾಡ. ಎರಡು ಹಾಕೊಡಕ್ಕಾದದಾ, ಇಲ್ವಾ?"

"ಆಯ್ತದೆ. ಆದ್ರೆ ಆಮೇಕೆ ಒಂದಕ್ಕೊಂದು ಕಿತ್ತಾಡ್ತವೆ ಮೇಡಂ."

"ಕಿತ್ತಾಡ್ಲಿ ಬುಡು. ಒಂದೇ ಮನೇಲಿದ್ಮೇಲೆ ಕಿತ್ತಾಡ್ದೆ ಇರ್ತವಾ?" ಎಂದು ಅತ್ತಿಗೆ ಲ್ಯಾಪ್‌ಟಾಪನ್ನು ಅವನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ ಬ್ಯಾಗಿಗೆ ಹಾಕಿದರು. ಎರಡನ್ನೂ ಹಾಕುವ ಕೆಲಸ ತಾವೇ ಮಾಡುವುದೆಂದು ಬಸ್ಸಿನಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಅವರು, ಟಿಕೆಟ್ ಹಿಡಿದುಕೊಂಡಿದ್ದವಳು ನಾನು.

ಭಾನುವಾರ ಊಟದ ಮೇಜಿನ ಮೇಲೆ ಕಾರ್ಯಕ್ರಮ. ಸಮಪಾಲಾಗಲು ಡಿಸ್ಕಿನ ಅರ್ಧ ಖಾಲಿಯಾಗಬೇಕಿತ್ತು. ಅದರ ತುಂಬ ಕಾರ್ಡಿಗಾಗಿ ಜನ ಕಳಿಸಿದ್ದ ವಧೂವರರ ಫೋಟೋಗಳು. ಮಳವಳ್ಳಿ ತಾಲ್ಲೂಕಿನ ಮದುವೆಗಳನ್ನೆಲ್ಲ ನಾನು ಇನ್ನೊಂದು ಪೆನ್‌ಡ್ರೈವಿಗೆ ಸಾಗಿಸಿದೆ. ಕೆಲವು ಜೋಡಿಗಳಿಗೆ ಅಷ್ಟರಲ್ಲಿ ನಾಮಕರಣದ ಕಾರ್ಡೂ ಆಗಿತ್ತು, ಅವನ್ನೂ ಸಾಗಿಸಿದೆ.

ಅತ್ತಿಗೆ ತಮ್ಮ ಪೆನ್‌ಡ್ರೈವ್ ಸಿಕ್ಕಿಸಿದರು. ಬಾತುಕೋಳಿ ಬಾಗಿಲಿಗೆ ಬಂದು ನಿಂತು, ಒಳಗಿರುವವರು ಪೂರ್ತಿ ಮಲಗಿಲ್ಲ, ಸರಿಯಾಗಿ ಮಲಗಿಸಿ ಬನ್ನಿ ಎಂಬರ್ಥದ ಸಂದೇಶ ಕೊಟ್ಟಿತು. ಕಿಟಕಿಯನ್ನು ಆರಿಸಿದರೂ ಅದು ಬೇಗ ಏಳಲು ಅನುಕೂಲವಾಗಲಿ ಎಂದು ಅರೆನಿದ್ದೆಯಲ್ಲಿರುತ್ತದಂತೆ. ಅತ್ತಿಗೆ ಅಣ್ಣನ ಕಡೆ ನೋಡಿದರು. ಅಣ್ಣ ಪತ್ರಿಕೆ ಮುಖದ ಮೇಲಿಟ್ಟುಕೊಂಡು ಮಲಗಿದ್ದ.

"ಇದು ನಿಮ್ಮಣ್ಣನ ಜಾತಿ. ಕಣ್ಣು ಮುಚ್ಕೊಂಡಿರ್ತದೆ, ಕಿವಿ ತೆರ್ಕೊಂಡಿರ್ತದೆ."

"ಏನಂದೆ?" ಎಂದಿತು ಪತ್ರಿಕೆಯ ಕೆಳಗಿನಿಂದ ಧ್ವನಿ. ಇದಕ್ಕಿಂತ ಹೆಚ್ಚಿನ ರುಜುವಾತು ಬೇಕಿರಲಿಲ್ಲ.

ಆ ಅರೆನಿದ್ದೆಯ ಏರ್ಪಾಡನ್ನು ತೆಗೆದು, ಕಿಟಕಿಯನ್ನು ಪೂರ್ತಿ ಮಲಗಿಸಿ, ಮತ್ತೆ ಶುರು ಮಾಡಿದೆವು. ಪರದೆಯ ಮೇಲೆ ಎರಡು ಪ್ರಶ್ನೆ ಬಂದವು. ಇರುವುದನ್ನೆಲ್ಲ ಒರೆಸಿ ಹಾಕಲೇ? ಇರುವುದರ ಪಕ್ಕದಲ್ಲಿ ಹಾಕಲೇ? ಅತ್ತಿಗೆ ಎರಡನೆಯದನ್ನು ಆರಿಸಿದರು. ಆಗ ಒಂದು ಉದ್ದನೆಯ ಪಟ್ಟಿ ಬಂತು. ಎಡಗಡೆ ಕಿಟಕಿ, ಬಲಗಡೆ ಬಾತುಕೋಳಿ, ನಡುವೆ ಒಂದು ಗೆರೆ. ಮೌಸಿನಲ್ಲಿ ಹಿಡಿದೆಳೆದರೆ ಗೆರೆ ಅತ್ತಿತ್ತ ಜರುಗುತ್ತದೆ. ಜರುಗಿದಂತೆಲ್ಲ ಒಬ್ಬರ ಜಾಗ ಹೆಚ್ಚಾಗುತ್ತದೆ, ಇನ್ನೊಬ್ಬರದು ಕಡಿಮೆಯಾಗುತ್ತದೆ.

"ಪಾಲು ಮಾಡ್ಬೇಕು ಈಗ" ಎಂದರು ಅತ್ತಿಗೆ.

ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಣ್ಣ ಎದ್ದು ಬಂದ. ಕೊತ್ತತ್ತಿಯಲ್ಲಿ ನಾಲೆ ಕೆಳಗಿನ ಗದ್ದೆ ಇರುವವನಿಗೆ ಪಾಲು ಎಂದ ಮೇಲೂ ನಿದ್ದೆ ಬರುತ್ತದೆಯೇ? ಪರದೆಯ ಹತ್ತಿರಕ್ಕೆ ಬಗ್ಗಿ ಗೆರೆಯನ್ನು ನೋಡಿ, "ಓ, ಬದು" ಎಂದ. ಕಂಪ್ಯೂಟರಿನಲ್ಲಿ ಅವನಿಗೆ ಮೊದಲ ನೋಟಕ್ಕೇ ಅರ್ಥವಾದ ವಸ್ತು ಅದೊಂದೇ.

ಅತ್ತಿಗೆ ಗೆರೆ ಎಳೆದರು. ಕೈ ತುಸು ಜಾರಿತು.

"ಲೇ, ಬದು ಒತ್ತುಬ್ಯಾಡ" ಎಂದ ಅಣ್ಣ. "ಒಸಿ ಒಸಿನೇ ಒತ್ಕೊಂಡು ಬಂದೇ ನಮ್ ಬದಿನ ಈಚೆಗೆ ಪಕ್ಕದ್ ಗದ್ದೆಯೋನು ಒಂದು ಸಾಲು ಭತ್ತ ನಾಟಿ ಮಾಡ್ಕೊಂಡಿದ್ದು."

"ನಾನೇನ್ ಬೇಕೂಂತ ಒತ್ತುದ್ನಾ? ಕೈ ಜಾರ್ತು."

"ಅವ್ನೂ ಅಂಗೇ ಅಂದಿದ್ದ."

ಗೆರೆ ಸರಿಯಾಗಿ ನಡುವೆ ನಿಲ್ಲುವವರೆಗೆ ಇಬ್ಬರೂ ಬಿಡಲಿಲ್ಲ. ಒಬ್ಬರಿಗೆ ಗಣಿತ, ಒಬ್ಬನಿಗೆ ಗದ್ದೆ. ಮೌಸನ್ನು ಒಂದು ಕೂದಲು ಅಲುಗಿಸುವುದು, ಅಂಕಿ ಓದುವುದು, ಮತ್ತೆ ಅಲುಗಿಸುವುದು. ಅಂತೂ ಎರಡು ಕಡೆಯ ಅಂಕಿಯೂ ಒಂದೇ ಆದಾಗ ಅತ್ತಿಗೆ ಮೌಸಿನಿಂದ ಕೈ ತೆಗೆದು, "ಸರಿ, ಒತ್ಬುಡ್ಲಾ?" ಎಂದರು.

"ತಡಿ ತಡಿ" ಎಂದ ಅಣ್ಣ. "ಪಾಲು ಮಾಡ್ದೋಳು ನೀನು, ದೊಡ್ಡೋಳು. ಆರಿಸ್ಕೊಳೋದು ಅವ್ಳು, ಚಿಕ್ಕೋಳು. ಕೇಳ್ದೆ ಎಂಗೆ ಒತ್ತೀಯೆ?"

ನಮ್ಮ ಕಡೆ ಪಾಲಿನ ಕ್ರಮವೇ ಹಾಗೆ. ಹಿರಿಯನು ಭಾಗ ಮಾಡುತ್ತಾನೆ, ಕಿರಿಯನು ಮೊದಲು ಆರಿಸಿಕೊಳ್ಳುತ್ತಾನೆ. ಯಾವುದು ತನಗೆ ಉಳಿಯುವುದೋ ಗೊತ್ತಿಲ್ಲದ್ದರಿಂದ ಹಿರಿಯನು ಮೋಸ ಮಾಡುವಂತಿಲ್ಲ. ಹೆಣ್ಣುಮಕ್ಕಳು ಆ ದಿನ ಒಳಗಿನಿಂದ ಕಾಫಿ ತಂದುಕೊಡುತ್ತಾರೆ, ಆಮೇಲೆ ತೋರಿಸಿದ ಕಡೆ ಸಹಿ ಹಾಕುತ್ತಾರೆ. ಅಣ್ಣನಿಗೂ ಚಿಕ್ಕಪ್ಪನ ಮಕ್ಕಳಿಗೂ ಜಮೀನು ಪಾಲಾದಾಗ ನಾನೂ ಹಾಗೇ ಮಾಡಿದ್ದೆ.

ಅತ್ತಿಗೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಆರಿಸ್ಕೊ ಕಣಮ್ಮಿ. ಯಾವ ಕಡೆ ಬೇಕು?"

ಆರಿಸುವುದಕ್ಕೆ ಅಲ್ಲಿ ಏನಿತ್ತು? ಕಿಟಕಿ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು. ಆದರೂ ಇಬ್ಬರೂ ಕಾಯುತ್ತಿದ್ದರು. ಪಾಲಿನಲ್ಲಿ ಆರಿಸಿಕೋ ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. "ಎಡಗಡೆ" ಎಂದೆ. ಎರಡು ಸಲ ಹೇಳಬೇಕಾಯಿತು. ಅತ್ತಿಗೆ ಗುಂಡಿ ಒತ್ತಿದರು.

ಎಲ್ಲ ಮುಗಿದು ಲ್ಯಾಪ್‌ಟಾಪ್ ಮತ್ತೆ ಎದ್ದಾಗ ಒಂದು ಪಟ್ಟಿ ಬರಬೇಕಿತ್ತು. ಮೇಲೆ ಲಿನಕ್ಸ್, ಕೆಳಗೆ ಕಿಟಕಿ, ಬೇಕಾದ್ದನ್ನು ಆರಿಸಿ ಎಂದು. ಪಟ್ಟಿ ಬಂತು. ಅದರಲ್ಲಿ ಲಿನಕ್ಸ್ ಇತ್ತು, ಅದರದೇ ಇನ್ನೊಂದೆರಡು ಬಾಲಂಗೋಚಿಗಳಿದ್ದವು. ಕಿಟಕಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಕಿರುಗಾವಲಿನವರ ಮದುವೆ ಕಾರ್ಡು ಪ್ರೆಸ್ಸಿಗೆ ಹೋಗಬೇಕಿತ್ತು. ಹುಡುಗನ ತಂದೆ ದಿನಕ್ಕೆರಡು ಸಲ ಫೋನ್ ಮಾಡಿ, ಸುಖಾಗಮನ ಬಯಸುವವರ ಸಾಲಿಗೆ ಒಬ್ಬೊಬ್ಬ ಭಾವಮೈದುನನನ್ನು ಸೇರಿಸುತ್ತಿದ್ದರು. ಅಂಗಡಿಯವನ ಮಾತೇ ನಿಜವಾಯಿತು, ಅರ್ಧ ನಿಂದು ಎಂದವರು ಇದ್ದದ್ದನ್ನೂ ತೆಗೆದರು ಎಂದು ಒಳಗೊಳಗೇ ಉರಿದೆ.

ಅತ್ತಿಗೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಎಲ್ಲೂ ಓಗಿಲ್ಲ ಸುಮ್ಕಿರು. ಪಟ್ಟಿಲಿ ಎಸ್ರು ಬಿಟ್ಟೋಗದೆ. ಓಟರ್ ಲಿಸ್ಟಲ್ಲಿ ಎಸ್ರಿಲ್ದಿದ್ರೆ ಮನುಷ್ಯ ಸತ್ತೋಗಿರ್ತಾನಾ?"

ತರಬೇತಿ ಕೊಟ್ಟವರಿಗೆ ಫೋನ್ ಹಚ್ಚಿದರು. ಆ ಕಡೆಯಿಂದ ಅವರು ಹೇಳಿದಂತೆ ಕಪ್ಪು ಪರದೆಯೊಂದನ್ನು ತೆರೆದು, ಎರಡೇ ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು. ಪಾಸ್‌ವರ್ಡ್ ಕೇಳಿತು. ಅತ್ತಿಗೆ ಒತ್ತಿದರು. ಪರದೆಯಲ್ಲಿ ಒಂದು ಚುಕ್ಕಿಯೂ ಮೂಡಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಕೀಬೋರ್ಡ್ ಕೆಟ್ಟಿತೆಂದು ಫೋನಿನಲ್ಲಿ ದೂರು ಹೇಳಿದರು. ಅಲ್ಲಿ ಪಾಸ್‌ವರ್ಡ್ ಕಾಣುವುದೇ ಇಲ್ಲವಂತೆ, ಚುಕ್ಕಿ ತೋರಿಸಿದರೆ ಎಷ್ಟು ಅಕ್ಷರ ಎಂದಾದರೂ ತಿಳಿಯುತ್ತದಲ್ಲ, ಅದೂ ಬೇಡವಂತೆ.

ಅಣ್ಣನಿಗೆ ಬಾತುಕೋಳಿಯ ಮೇಲೆ ಗೌರವ ಹುಟ್ಟಿದ್ದು ಆಗಲೇ. "ಗುಟ್ಟು ಅಂದ್ರೆ ಇಂಗಿರ್ಬೇಕು ನೋಡು" ಎಂದ. "ನಿನ್ಗೆ ಒಂದು ವಿಷ್ಯ ಏಳುದ್ರೆ ಸಂಜೆ ಒತ್ಗೆ ಕಿರುಗಾವಲಲ್ಲಿರ್ತದೆ." ಅತ್ತಿಗೆಯ ತವರು ಕಿರುಗಾವಲು.

ಒಂದು ಕಡೆ ಒಂದು ಸಾಲನ್ನು ತಿದ್ದಿ, ಪಟ್ಟಿಯನ್ನು ಹೊಸದಾಗಿ ಬರೆಯಲು ಹೇಳಿದ ಮೇಲೆ ಕಿಟಕಿಯ ಹೆಸರು ಕೊನೆಯ ಸಾಲಿನಲ್ಲಿ ಬಂತು. ಆರಿಸಿ ಒತ್ತಿದೆ. ಎಲ್ಲ ಇದ್ದಲ್ಲೇ ಇತ್ತು. ಭಾವಮೈದುನರೂ ಇದ್ದರು.

ಮುಂದಿನ ವಾರ ಗಡಿಯಾರದ ಜಗಳ. ಅತ್ತಿಗೆ ತಮ್ಮ ಭಾಗದಲ್ಲಿ ಕೆಲಸ ಮುಗಿಸಿ ಎದ್ದ ಮೇಲೆ ನಾನು ನನ್ನ ಭಾಗಕ್ಕೆ ಹೋದರೆ, ಅಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತಿತ್ತು. ನಾನು ಮಧ್ಯಾಹ್ನದ ಊಟ ಮುಗಿಸಿ ಕುಳಿತರೆ ನನ್ನ ಕಿಟಕಿಯಲ್ಲಿ ಇನ್ನೂ ಬೆಳಿಗ್ಗೆ. ಯಂತ್ರದ ಒಳಗಡಿಯಾರವನ್ನು ಬಾತುಕೋಳಿ ವಿಲಾಯಿತಿ ಲೆಕ್ಕಕ್ಕೆ ಇಡುತ್ತದೆ, ಕಿಟಕಿ ಅದನ್ನೇ ನಮ್ಮೂರ ಟೈಮು ಎಂದು ನಂಬುತ್ತದೆ. ಇಬ್ಬರದೂ ತಪ್ಪಲ್ಲ, ಮಾತುಕತೆ ಇಲ್ಲ ಅಷ್ಟೇ. ಅತ್ತಿಗೆ ಇದನ್ನೂ ಫೋನಿನಲ್ಲೇ ಬಗೆಹರಿಸಿದರು. "ನಮ್ಮ ಬಾತ್ಕೋಳಿಗೆ ಮಂಡ್ಯ ಟೈಮು ಏಳ್ಕೊಟ್ಟಿದೀನಿ" ಎಂದರು. ಅಲ್ಲಿಂದ ಮುಂದೆ ಗಡಿಯಾರದ ತಕರಾರಿಲ್ಲ. ಪಟ್ಟಿ ಬಂದಾಗ ನಾಲ್ಕು ಸೆಕೆಂಡಿನಲ್ಲಿ ನಾನು ಕೆಳಗಿನ ಸಾಲಿಗೆ ಇಳಿಯದಿದ್ದರೆ ಅತ್ತಿಗೆಯ ಮನೆಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಗೋಡೆಯ ತುಂಬ, ಅಂದರೆ ಪರದೆಯ ತುಂಬ, ಅವರ ಪಾಠದ ತ್ರಿಕೋನಗಳು. ತಪ್ಪಾಯಿತೆಂದು ಆಚೆಗೆ ಬಂದು ಮತ್ತೆ ಬಾಗಿಲು ತಟ್ಟಬೇಕು.

ಇಷ್ಟರಲ್ಲಿ ಮಳವಳ್ಳಿಯ ರೂಮಿನವರು, ಬರುತ್ತೀರಾ ಇಲ್ಲವಾ, ಬೇರೆಯವರು ಕೇಳುತ್ತಿದ್ದಾರೆ ಎಂದು ಫೋನ್ ಮಾಡಿದರು. ಅವತ್ತು ಸಂಜೆ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟೆ. ಮುದ್ದೆ, ಉಪ್ಸಾರು, ಅದಕ್ಕೆ ಕಲಸಿಕೊಳ್ಳಲು ಅರೆದ ಖಾರ.

"ಬರೋ ತಿಂಗಳಿಂದ ಮಳವಳ್ಳೀಲೇ ಇರ್ತೀನಿ. ರೂಮು ನೋಡಿದೀನಿ."

ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. ಬೇಡ ಎನ್ನಬೇಕೆಂದು ಅವನಿಗಿತ್ತು, ಅಂದರೆ ನನ್ನ ಸ್ವಾಭಿಮಾನಕ್ಕೆ ಪೆಟ್ಟಾಗುತ್ತದೆಂಬ ಭಯವೂ ಇತ್ತು. ಕೊನೆಗೆ, "ಲ್ಯಾಪ್‌ಟಾಪ್ ತಕ್ಕೊಂಡೋಗು. ಇವ್ಳಿಗೆ ಬ್ಯಾರೆ ತಂದ್ರಾಯ್ತು" ಎಂದ.

"ಎಂಗ್ ತಕ್ಕೊಂಡೋಯ್ತಳೆ?" ಎಂದರು ಅತ್ತಿಗೆ, ಖಾರಕ್ಕೆ ಇನ್ನಷ್ಟು ಸಾರು ಹಾಕಿಕೊಳ್ಳುತ್ತಾ. "ಅದ್ರಾಗೆ ಅರ್ಧ ನಂದದೆ."

"ನಿಮ್ಮ ಅರ್ಧ ಒರೆಸ್ಬುಡಿ ಅತ್ಗೆ. ಹೊಸದ್ರಲ್ಲಿ ಹಾಕ್ಕೊಂಡ್ರಾಯ್ತು. ಪೆನ್‌ಡ್ರೈವ್ ಹೆಂಗೂ ನಿಮ್ಮತ್ರನೇ ಇದೆ" ಎಂದೆ. ಇಷ್ಟು ದಿನ ನುಂಗಿದ್ದ ಬೇಜಾರೂ ಆ ಮಾತಿನ ಜೊತೆ ಆಚೆಗೆ ಬಂತು. "ಒಂದು ಹಳೇ ಲ್ಯಾಪ್‌ಟಾಪು. ಅವತ್ತೇ ಕೊಟ್ಟಿದ್ರೆ ಇಷ್ಟೆಲ್ಲ ಯಾಕ್ ಬೇಕಿತ್ತು?"

ಅತ್ತಿಗೆ ನನ್ನನ್ನು ನೋಡಿದರು. ಹತ್ತನೇ ತರಗತಿಗೆ ಬಂದರೂ ಕೂಡುವುದು ಬಾರದ ಮಕ್ಕಳನ್ನು ನೋಡುವ ಹಾಗೆ ನೋಡಿದರು.

"ಅವತ್ತೇ ಕೊಟ್ಟಿದ್ರೆ ಅದ್ನ ಕಂಕುಳಲ್ಲಿ ಇರುಕ್ಕೊಂಡು ಮಾರ್ನೆ ದಿಸ್ವೇ ಮಳವಳ್ಳಿ ಬಸ್ ಅತ್ತಿರೋಳು ನೀನು. ನೀನು ರೂಮ್ ನೋಡ್ಕೊಂಡು ಬಂದಿರೋ ಸುದ್ದಿ ಮದ್ದೂರ್ ಬಸ್ಸಲ್ಲೇ ನನ್ ಕಿವಿಗೆ ಬಿದ್ದಿತ್ತು. ನಂಗೇನು ಸಂಬಳ ಬರಾಕಿಲ್ವಾ? ಹೊಸದು ತರಾಕೆ ಬರಾಕಿಲ್ವಾ? ಆ ಮದ್ದೂರ್‌ನೋನು ಅರ್ಧ ಗಂಟೇಲಿ ಮಾಡ್ಕೊಡ್ತೀನಿ ಅಂದ. ಬ್ಯಾಡ ಅಂದು, ಇಡೀ ಭಾನುವಾರ ಕುಂತ್ಕೊಂಡು, ಅವರಿವರ ಕೈಲಿ ಫೋನಲ್ಲಿ ಅನ್ನುಸ್ಕೊಂಡು, ಎರಡ್ನೂ ಒಂದ್ರಾಗೇ ಹಾಕುದ್ನಲ್ಲ, ಯಾಕಂತ ತಿಳ್ಕೊಂಡಿದ್ದೆ?"

ಅವರು ಮುದ್ದೆ ಮುರಿದರು.

"ಮನೇಲಿ ಇರು ಅಂತ ಬಾಯಲ್ಲಿ ಅಂದ್ರೆ ನೀನು ಕೇಳೋಳಲ್ಲ. ಹಂಗಿನಲ್ಲಿದೀನಿ ಅಂತೀಯ. ಈಗ ಅದು ನಿಂದೂ ಅದೆ, ನಂದೂ ಅದೆ. ಒಬ್ರು ಎತ್ಕೊಂಡೋಗಂಗಿಲ್ಲ. ಓಗು ನೋಡವ, ಎಂಗೋಯ್ತೀಯೆ."

ಅಣ್ಣ ತಲೆ ಬಗ್ಗಿಸಿಕೊಂಡು ಉಣ್ಣತೊಡಗಿದ. ಒಂದು ವರ್ಷದಿಂದ ನಾನು ಆ ಮನೆಯಲ್ಲಿ ನೆಂಟರ ಹಾಗೆ ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲೇ ಕೂರುತ್ತಿದ್ದೆ. ನನ್ನನ್ನು ಯಾರೋ ಇಷ್ಟು ಲೆಕ್ಕ ಹಾಕಿ, ಇಷ್ಟು ಕಷ್ಟಪಟ್ಟು ಹಿಡಿದಿಟ್ಟುಕೊಂಡಿದ್ದಾರೆಂದು ತಿಳಿದಾಗ ಸಂತೋಷಕ್ಕೆ ಅಳು ಬಂತು. ಎಂಜಲ ಕೈ ಎಂಬುದನ್ನೂ ಮರೆತು ಅದನ್ನು ಕಣ್ಣಿನ ಹತ್ತಿರ ತಂದೆ.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಳೋದಾದ್ರೆ ಕೈ ತೊಳ್ಕೊಂಡು ಅಳು ಕಣಮ್ಮಿ. ಕಣ್ಣಿಗೆ ಖಾರ ಆಯ್ತದೆ."